ಬೇಕಲದ ಸಂಜೆಗೆ ಅಪ್ಪ ಅಮ್ಮನನ್ನು ಕರೆದೊಯ್ಯುವ ಮುನ್ನ

ಮಂಗಳೂರು, ಪುತ್ತೂರು, ಸುಳ್ಯದ ಕಡೆಯಿಂದ ಕಾಸರಗೋಡಿಗೆ ಒಂದು ದಿನದ ಪ್ರವಾಸ ಹೊರಡುವ ಮನೆಗಳಲ್ಲಿ ಪಟ್ಟಿ ಬಹಳ ಬೇಗ ಉದ್ದವಾಗುತ್ತದೆ. ಅನಂತಪುರ, ಮಧೂರು, ತಳಂಗರೆಯ ಮಾಲಿಕ್ ದೀನಾರ್ ಮಸೀದಿ, ಚಂದ್ರಗಿರಿ ಕೋಟೆ, ಬೇಕಲ, ಹೊತ್ತು ಉಳಿದರೆ ಕಾಞಂಗಾಡಿನ ಆನಂದಾಶ್ರಮ. ಹರೆಯದವರಿಗೆ ಇದು ಆದೀತು. ಎಪ್ಪತ್ತು ದಾಟಿದ ಅಪ್ಪ ಅಮ್ಮ ಜೊತೆಗಿದ್ದರೆ ಎರಡನ್ನು ಉಳಿಸಿಕೊಂಡು ಬಾಕಿಯನ್ನು ಹೊಡೆದುಹಾಕಿ. ಬೆಳಗ್ಗೆ ಒಂದು, ಸಂಜೆ ಒಂದು, ನಡುವೆ ಮೂರು ನಾಲ್ಕು ಗಂಟೆ ಕಾಲು ಚಾಚಿ ಮಲಗಲು ಒಂದು ಕೋಣೆ. ಇಷ್ಟೇ ಯೋಜನೆ. ಉಳಿದದ್ದೆಲ್ಲ ಇದನ್ನು ಸುಸೂತ್ರವಾಗಿ ನಡೆಸುವ ಬಗೆ.

ಮೊದಲು ಹಿರಿಯರ ಸ್ವಭಾವವನ್ನು ನೆನಪಿಟ್ಟುಕೊಳ್ಳಬೇಕು. ನಮ್ಮ ಹಿರಿಯರು ಕೇಳುವುದಿಲ್ಲ. ಕಾಲು ನೋಯುತ್ತಿದ್ದರೂ "ನೀವು ನೋಡಿ ಬನ್ನಿ, ನಾನಿಲ್ಲೇ ಕೂತಿರುತ್ತೇನೆ" ಅನ್ನುತ್ತಾರೆ. ದಾರಿಯಲ್ಲಿ ಶೌಚಾಲಯಕ್ಕೆ ಗಾಡಿ ನಿಲ್ಲಿಸಿ ಎಂದು ಹೇಳಲು ಸಂಕೋಚಪಟ್ಟು ಬೆಳಗ್ಗಿನಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ರಕ್ತದೊತ್ತಡಕ್ಕೋ ಕಾಲಿನ ಬಾವಿಗೋ ನೀರಿಳಿಸುವ ಮಾತ್ರೆ ತಿನ್ನುವವರಲ್ಲಿ ಇದು ಇನ್ನೂ ಹೆಚ್ಚು. ಕೆಲವರು ಯಾರಿಗೂ ಹೇಳದೆ ಆ ದಿನದ ಮಾತ್ರೆಯನ್ನೇ ತಪ್ಪಿಸುತ್ತಾರೆ. ಹಾಗೆ ಮಾಡಬಾರದು. ಮಾತ್ರೆಯ ಹೊತ್ತನ್ನು ಆಚೀಚೆ ಮಾಡಬಹುದೇ ಎಂದು ಡಾಕ್ಟರರನ್ನು ಮುಂಚಿತವಾಗಿ ಕೇಳಿಕೊಳ್ಳಿ. ಅವರು ಬಾಯಿಬಿಟ್ಟು ಕೇಳಬೇಕಾದ ಪ್ರಸಂಗವೇ ಬರದಂತೆ ದಿನವನ್ನು ಕಟ್ಟಬೇಕು. ಒಂದೂವರೆ ಗಂಟೆಗೊಮ್ಮೆ, ಅವರು ಬೇಡವೆಂದರೂ, ಸರಿಯಾದ ಶೌಚಾಲಯವಿರುವ ಜಾಗದಲ್ಲಿ ಗಾಡಿ ನಿಲ್ಲಲಿ. ಆಗ ನೀರು ತಾನಾಗಿ ಹೊಟ್ಟೆಗೆ ಹೋಗುತ್ತದೆ.

ಕರಾವಳಿಯಲ್ಲಿ ನೀರು ಯಾಕೆ ಇಷ್ಟು ಮುಖ್ಯ? ಇಲ್ಲಿಯ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರದೆ ಮೈಮೇಲೆಯೇ ನಿಲ್ಲುತ್ತದೆ. ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ, ನೀರು ಮತ್ತು ಉಪ್ಪನ್ನು ಮಾತ್ರ ಹೊರಗೆ ಹಾಕುತ್ತದೆ. ವಯಸ್ಸಾದಂತೆ ಬಾಯಾರಿಕೆ ತಿಳಿಯುವುದೂ ಕಡಿಮೆಯಾಗುತ್ತದೆ. ಹಾಗಾಗಿ ಸೆಖೆಯಲ್ಲಿ ಕೂತು ಎದ್ದಾಗ ತಲೆ ತಿರುಗುವುದು, ಮೆಟ್ಟಿಲ ಬಳಿ ಹೆಜ್ಜೆ ತಪ್ಪುವುದು. ದಾರಿ ತುಂಬ ಬೊಂಡ ಸಿಗುತ್ತದೆ, ಒಳ್ಳೆಯದೇ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡದ ತೊಂದರೆ ಇರುವವರು, ಪೊಟ್ಯಾಸಿಯಂ ಏರಿಸುವ ಬಿ.ಪಿ. ಮಾತ್ರೆ ತಿನ್ನುವವರು ಡಾಕ್ಟರರನ್ನು ಕೇಳದೆ ಬೊಂಡದ ಮೇಲೆ ಬೊಂಡ ಕುಡಿಯಬಾರದು.

ಕಾಲ ಆರಿಸುವುದು ಸುಲಭ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ನೆಲವೆಲ್ಲ ಪಾಚಿ. ಮಾರ್ಚ್ ಮುಗಿದರೆ ಸೆಖೆ ತಡೆಯುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿ ನಡುವಿನ ವಾರದ ದಿನವೊಂದನ್ನು ಹಿಡಿಯಿರಿ. ಭಾನುವಾರ ಮತ್ತು ಶಾಲಾ ಪ್ರವಾಸದ ದಿನಗಳಲ್ಲಿ ಬೇಕಲದಲ್ಲಿ ಕೂರಲು ಕಟ್ಟೆಯೂ ಸಿಗದು.

ಮಂಗಳೂರಿನಿಂದ ಕಾಸರಗೋಡು ಸುಮಾರು 50 ಕಿಲೋಮೀಟರ್. ತಲಪಾಡಿ ದಾಟಿದ ಮೇಲೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾಗಿ ಅಗಲಗೊಂಡಿದೆ. ಕಾರಿನವರಿಗೆ ಇದು ಅನುಕೂಲ, ಬಸ್ಸಿನಲ್ಲಿ ಬರುವ ಹಿರಿಯರಿಗೆ ಹೊಸ ತೊಡಕು. ಮೊದಲಿನಂತೆ ಇಳಿದು ಎದುರಿಗೆ ರಸ್ತೆ ದಾಟುವಂತಿಲ್ಲ. ಅಡಿಸೇತುವೆಯನ್ನೋ ಕಾಲುಸೇತುವೆಯನ್ನೋ ಹುಡುಕಿಕೊಂಡು ಸರ್ವಿಸ್ ರೋಡಿನಲ್ಲಿ ನಡೆಯಬೇಕು. ಯಾವ ಬದಿಯಲ್ಲಿ ಇಳಿಯುತ್ತೇವೆ, ರಿಕ್ಷಾ ಯಾವ ಬದಿಯಲ್ಲಿ ಸಿಗುತ್ತದೆ ಎಂಬುದನ್ನು ಕಂಡಕ್ಟರರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ. ರೈಲಿನಲ್ಲಿ ಬರುವುದಾದರೆ ಬೇಕಲ ಫೋರ್ಟ್ ಎಂಬ ನಿಲ್ದಾಣವೇ ಇದೆ, ಆದರೆ ಹೆಚ್ಚಿನ ಎಕ್ಸ್‌ಪ್ರೆಸ್ ಗಾಡಿಗಳು ಅಲ್ಲಿ ನಿಲ್ಲುವುದಿಲ್ಲ. ಕಾಸರಗೋಡಿನಲ್ಲೋ ಕಾಞಂಗಾಡಿನಲ್ಲೋ ಇಳಿದು ಟ್ಯಾಕ್ಸಿ ಹಿಡಿಯುವುದು ಲೇಸು. ಗಾಡಿ ಒಂದೆರಡು ನಿಮಿಷ ನಿಲ್ಲುವಷ್ಟರಲ್ಲಿ ಮೊಣಕಾಲು ನೋವಿನವರು ಇಳಿಯಬೇಕಾದ್ದರಿಂದ ನಿಲ್ದಾಣ ಬರುವ ಹತ್ತು ನಿಮಿಷ ಮುಂಚೆಯೇ ಬಾಗಿಲ ಹತ್ತಿರದ ಸೀಟಿಗೆ ಬನ್ನಿ. ವೀಲ್‌ಚೇರ್ ಬೇಕಿದ್ದರೆ ಇಳಿಯುವ ನಿಲ್ದಾಣದ ಸ್ಟೇಷನ್ ಮಾಸ್ಟರರಿಗೆ ಮುಂಚಿತವಾಗಿ ತಿಳಿಸಿ. 2020ರ ಮಾರ್ಚ್‌ನಲ್ಲಿ ನಿಂತ ಹಿರಿಯರ ದರ ರಿಯಾಯಿತಿಯನ್ನು ನಂಬಿಕೊಂಡು ಲೆಕ್ಕ ಹಾಕಬೇಡಿ. ಆದರೆ ದೂರದಿಂದ ರಾತ್ರಿ ಗಾಡಿಯಲ್ಲಿ ಬರುವವರಿಗೆ ಕೆಳಬರ್ತಿನ ಕೋಟಾ ಇದೆ. 60 ದಾಟಿದ ಗಂಡಸರು, 45 ದಾಟಿದ ಹೆಂಗಸರು ಟಿಕೆಟ್ ಮಾಡುವಾಗ ಅದನ್ನೇ ಕೇಳಬೇಕು.

ಬೆಳಗಿಗೆ ಮಧೂರೋ ಅನಂತಪುರವೋ? ಮೊಣಕಾಲು ನೋವಿದ್ದರೆ ಮಧೂರು ಎಂಬುದು ನನ್ನ ಅಭಿಪ್ರಾಯ. ಮದನಂತೇಶ್ವರ ಸಿದ್ಧಿವಿನಾಯಕ ದೇವಸ್ಥಾನ ಮಧುವಾಹಿನಿ ಹೊಳೆಯ ಬದಿಯ ತಗ್ಗಿನಲ್ಲಿ, ಕಾಸರಗೋಡು ಪೇಟೆಯಿಂದ ಸುಮಾರು 8 ಕಿಲೋಮೀಟರ್ ದೂರದಲ್ಲಿದೆ. ಆನೆಯ ಬೆನ್ನಿನಂತೆ ಬಾಗಿದ ಗರ್ಭಗುಡಿಯ ಮೂರು ಅಂತಸ್ತಿನ ಮಾಡನ್ನು ಅಂಗಳದಲ್ಲೇ ನಿಂತು ನೋಡಬಹುದು, ಎಲ್ಲಿಗೂ ಹತ್ತಬೇಕಿಲ್ಲ. ಪ್ರಸಾದದ ಅಪ್ಪಕ್ಕೆ ಹೆಸರಾದ ಊರು. ಸಕ್ಕರೆ ಕಾಯಿಲೆಯವರಿಗೆ ಅರ್ಧ ಅಪ್ಪ ಸಾಕು. ಅನಂತಪುರ ಕುಂಬಳೆಯಿಂದ ಒಳಗೆ, ಮುರಕಲ್ಲಿನ ಬೋಳು ಪದವಿನ ಮೇಲೆ ಇದೆ. ಕೆರೆಯ ನಡುವಿನ ಗುಡಿ, 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡ ಬಬಿಯಾ ಎಂಬ ಮೊಸಳೆ, ಮರುವರ್ಷ ಕಾಣಿಸಿಕೊಂಡ ಹೊಸ ಮೊಸಳೆ, ಇವೆಲ್ಲ ಯಾರಿಗೂ ನೋಡುವ ಆಸೆ ಹುಟ್ಟಿಸುವಂಥವು. ಆದರೆ ಕೆರೆ ತಗ್ಗಿನಲ್ಲಿದೆ, ಗುಡಿಗೆ ಮೆಟ್ಟಿಲಿಳಿದು ಹೋಗಬೇಕು. ಇಳಿಯುವಾಗ ಮೊಣಕಾಲಿನ ಮೇಲೆ ಬೀಳುವ ಭಾರ ಹತ್ತುವಾಗಿನದಕ್ಕಿಂತ ಹೆಚ್ಚು. ಹತ್ತುವಾಗ ಏದುಸಿರು, ಇಳಿಯುವಾಗ ನೋವು. ಕಾಲು ಗಟ್ಟಿಯಿರುವವರನ್ನು ಮಾತ್ರ, ಅದೂ ಒಂಬತ್ತು ಗಂಟೆಯ ಒಳಗೆ, ಅಲ್ಲಿಗೆ ಕರೆದುಕೊಂಡು ಹೋಗಿ.

ಈ ಹೊತ್ತಿನ ಷರತ್ತಿಗೆ ಇನ್ನೊಂದು ಕಾರಣವೂ ಇದೆ. ದೇವಸ್ಥಾನದ ಅಂಗಳದಲ್ಲಿ ಬರಿಗಾಲು. ಹತ್ತೂವರೆಯ ನಂತರ ಹಾಸುಗಲ್ಲು ಸುಡತೊಡಗುತ್ತದೆ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಬಿಸಿ ಗೊತ್ತೇ ಆಗುವುದಿಲ್ಲ. ಮನೆಗೆ ಬಂದ ಮೇಲೆ ಅಂಗಾಲಿನಲ್ಲಿ ಬೊಬ್ಬೆ ಕಾಣುತ್ತದೆ, ಅದು ಮಾಯಲು ವಾರಗಟ್ಟಲೆ ಬೇಕು. ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಳ್ಳಲು ಅನುಮತಿ ಇದೆಯೇ ಎಂದು ಬಾಗಿಲಲ್ಲಿ ಕೇಳಿ, ಇಲ್ಲವೆಂದರೆ ನೆರಳಿನ ಬದಿಯಲ್ಲೇ ಪ್ರದಕ್ಷಿಣೆ ಮುಗಿಸಿ. ಸಂಜೆ ಮರೆಯದೆ ಅಂಗಾಲು ನೋಡಿ.

ದೇವಸ್ಥಾನದ ಬದಲು ಪುಸ್ತಕದ ಮನೆಯೇ ಬೇಕು ಎನ್ನುವ ಹಿರಿಯರಿದ್ದರೆ ಮಂಜೇಶ್ವರದ ಗಿಳಿವಿಂಡು ಇದೆ. 1949ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿ ಗೌರವ ಪಡೆದ ಗೋವಿಂದ ಪೈಗಳ (1883–1963) ಮನೆಯ ಸ್ಮಾರಕ ಅದು. ಹಳೆಯ ಕನ್ನಡ ಮೇಷ್ಟ್ರುಗಳಿಗೆ ಅಲ್ಲಿ ಅರ್ಧ ಗಂಟೆ ಕೂತರೂ ಸಂತೋಷ. ತೆರೆದಿರುವ ಹೊತ್ತನ್ನು ವಿಚಾರಿಸಿಕೊಂಡೇ ಹೋಗಿ.

ಹನ್ನೊಂದೂವರೆಗೆ ಹೊರಗಿನ ತಿರುಗಾಟ ನಿಲ್ಲಬೇಕು. ಮಧ್ಯಾಹ್ನಕ್ಕೆ ಕೋಣೆ ಹಿಡಿಯುವುದನ್ನು ದುಂದು ಎಂದುಕೊಳ್ಳುವವರು ಬಹಳ. ನನಗೆ ಇಡೀ ದಿನದ ಖರ್ಚಿನಲ್ಲಿ ಅದೇ ಅತ್ಯಗತ್ಯವೆನಿಸುತ್ತದೆ. ಕಾರಿನ ಸೀಟಿನಲ್ಲಿ ತಲೆ ವಾಲಿಸಿ ನಿದ್ದೆ ಮಾಡಿದವರಿಗೆ ಸಂಜೆಗೆ ಕಾಲು ಊದಿರುತ್ತದೆ. ಮಂಚದ ಮೇಲೆ ಮಲಗಿ ಎದ್ದವರ ಮುಖವೇ ಬೇರೆ. ಲಾಡ್ಜಿಗೆ ಫೋನ್ ಮಾಡುವಾಗ "ಹಿರಿಯರಿಗೆ ಅನುಕೂಲ ಇದೆಯಾ" ಎಂದು ಕೇಳಿದರೆ ಎಲ್ಲರೂ ಇದೆ ಎನ್ನುತ್ತಾರೆ. ಬಿಡಿಸಿ ಕೇಳಬೇಕು: ಕೋಣೆ ನೆಲಮಾಳಿಗೆಯಲ್ಲಲ್ಲದೆ ರಸ್ತೆಯ ಮಟ್ಟದಲ್ಲೇ ಇದೆಯೇ, ಕಮೋಡ್ ಇದೆಯೇ, ಅದರ ಪಕ್ಕ ಹಿಡಿದು ಏಳಲು ಸರಳು ಇದೆಯೇ, ಬಚ್ಚಲ ಬಾಗಿಲಿನಲ್ಲಿ ವೀಲ್‌ಚೇರ್ ದಾಟುತ್ತದೆಯೇ. ಲಿಫ್ಟ್ ಇರುವ ಕಟ್ಟಡದಲ್ಲೂ ಲಿಫ್ಟಿಗೆ ಮೊದಲು ನಾಲ್ಕು ಮೆಟ್ಟಿಲು ಇರುವುದುಂಟು. ವಾಟ್ಸ್ಯಾಪಿನಲ್ಲಿ ಬಾಗಿಲು, ಬಚ್ಚಲು ಎರಡರ ಫೋಟೋ ತರಿಸಿಕೊಂಡರೆ ವಾದವೇ ಇಲ್ಲ. ಊಟಕ್ಕೆ ಕುಚ್ಚಿಲಕ್ಕಿ ಗಂಜಿ, ಪಲ್ಯ, ಮಜ್ಜಿಗೆ ಸಾಕು.

ನಾಲ್ಕು ಗಂಟೆಗೆ ಬೇಕಲ. ಕಾಸರಗೋಡಿನಿಂದ ಚಂದ್ರಗಿರಿ ಸೇತುವೆ ದಾಟಿ, ಮೇಲ್ಪರಂಬ, ಉದುಮದ ಮೇಲಾಗಿ ಹೋಗುವ ಕರಾವಳಿ ರಸ್ತೆಯಲ್ಲಿ ಸುಮಾರು 16 ಕಿಲೋಮೀಟರ್. ತುಳುನಾಡಿನ ತೆಂಕಣ ಗಡಿಯೆಂದು ಹಿಂದಿನಿಂದ ಎಣಿಸಿದ್ದು ಈ ಚಂದ್ರಗಿರಿ ಹೊಳೆಯನ್ನೇ. ಮಂಜೇಶ್ವರ, ಕುಂಬಳೆ, ಮಧೂರುಗಳಲ್ಲಿ ಅಮ್ಮ ಕನ್ನಡದಲ್ಲೋ ತುಳುವಿನಲ್ಲೋ ಯಾರನ್ನಾದರೂ ಮಾತಾಡಿಸಿ ನೀರು ಕೇಳಬಲ್ಲರು. ಹೊಳೆಯಾಚೆ ಬಹುಪಾಲು ಮಲಯಾಳ. ಜನ ಸಹಾಯಕ್ಕೆ ಹಿಂಜರಿಯುವವರಲ್ಲ, ಆದರೆ ಗುಂಪಿನಿಂದ ತಪ್ಪಿಸಿಕೊಂಡ ಹಿರಿಯರು ಗಾಬರಿಯಲ್ಲಿ ತಮಗೇನಾಗಿದೆ ಎಂದು ಹೇಳಲಾರರು. ಹೆಸರು, ಜೊತೆಯಲ್ಲಿರುವವರ ಮೊಬೈಲ್ ನಂಬರು, ಕಾಯಿಲೆ, ತಿನ್ನುವ ಮಾತ್ರೆ ಇಷ್ಟನ್ನು ಇಂಗ್ಲಿಷ್ ಮತ್ತು ಮಲಯಾಳದಲ್ಲಿ ಬರೆದ ಚೀಟಿಯೊಂದು ಅವರ ಜೇಬಿನಲ್ಲೋ ಪರ್ಸಿನಲ್ಲೋ ಇರಲಿ.

ಕೋಟೆಯ ವಿಷಯಕ್ಕೆ ಬರೋಣ. 17ನೆಯ ಶತಮಾನದ ನಡುವಿನಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದೆಂದು ಹೇಳುವ, ಆಮೇಲೆ ಹೈದರಾಲಿ, ಟಿಪ್ಪು, ಬ್ರಿಟಿಷರ ಕೈಸೇರಿದ ಬೇಕಲ ಸುಮಾರು 40 ಎಕರೆ ಹರಡಿದೆ. ಈಗ ಪುರಾತತ್ತ್ವ ಇಲಾಖೆಯದು. ಹಿರಿಯರ ದೃಷ್ಟಿಯಿಂದ ಇದರ ದೊಡ್ಡ ತೊಂದರೆ ಬಯಲು. ಒಳಗೆ ಹುಲ್ಲುಗಾವಲು, ಆಕಾಶ, ಗೋಡೆ. ನೆರಳು ಬಹಳ ಕಡಿಮೆ. ಬಾಗಿಲಿನಿಂದ ನಡುವಿನ ವೀಕ್ಷಣಾ ಬುರುಜಿಗೆ ಸಾಕಷ್ಟು ನಡೆಯಬೇಕು. ಬುರುಜಿನ ಮೇಲಕ್ಕೆ ಮೆಟ್ಟಿಲಿನ ಬದಲು ಅಗಲವಾದ ಇಳಿಜಾರು ದಾರಿ ಇರುವುದು ನಮ್ಮ ಭಾಗ್ಯ. ಊರುಗೋಲಿನವರು ನಿಂತು ನಿಂತು ಹತ್ತಬಹುದು. ಆದರೆ ಅದು ವೀಲ್‌ಚೇರಿಗೆ ಅಳೆದು ಮಾಡಿದ ದಾರಿಯಲ್ಲ. ವೀಲ್‌ಚೇರ್ ಸುರಕ್ಷಿತವಾಗಿ ಏರಲು ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬುದು ಈಗಿನ ನಿಯಮ. ಹಳೆಯ ಕೋಟೆಯಲ್ಲಿ ಅದನ್ನು ನಿರೀಕ್ಷಿಸಬಾರದು. ತಳ್ಳುವವರು ಇಬ್ಬರಿದ್ದರೂ ಇಳಿಯುವಾಗ ಕುರ್ಚಿಯನ್ನು ಹಿಂದುಮುಂದಾಗಿ, ಕೂತವರ ಬೆನ್ನು ಇಳಿಜಾರಿನ ಕಡೆಗಿರುವಂತೆ ಇಳಿಸಿ. ಕಡಲಿನತ್ತ ಚಾಚಿದ ಕೊತ್ತಳದ ಕಡೆಗೆ ಇಳಿಯುವ ಆಸೆಯನ್ನು ಬಿಟ್ಟುಬಿಡಿ. ಮಡಚುವ ಸಣ್ಣ ಸ್ಟೂಲೊಂದನ್ನು ಕೈಯಲ್ಲಿ ಹಿಡಿದು ನಡೆಯಿರಿ, ಎಲ್ಲಿ ಸುಸ್ತೋ ಅಲ್ಲೇ ಆಸನ. ಐದಕ್ಕೆ ಹೊರಗೆ ಬನ್ನಿ. ಕೋಟೆ ಸಂಜೆಯೇ ಮುಚ್ಚುತ್ತದೆ, ಸೂರ್ಯಾಸ್ತಕ್ಕೆ ಪಕ್ಕದ ಪಳ್ಳಿಕ್ಕೆರೆಯ ಬೀಚೇ ಸರಿ. ಕೋಟೆ ಬೇಡವೇ ಬೇಡ ಎನ್ನುವಷ್ಟು ದಣಿದಿದ್ದರೆ ನೇರವಾಗಿ ಬೀಚಿಗೆ ಹೋಗಿ. ಹಿರಿಯರು ಬಯಸುವುದು ಹೆಚ್ಚಾಗಿ ಕಡಲನ್ನೇ.

ಬೀಚಿನಲ್ಲಿ ಎಲ್ಲವೂ ಹೊಯಿಗೆಯ ಮೇಲೆ ನಿಂತಿದೆ. ಒಣ ಹೊಯಿಗೆಯಲ್ಲಿ ಹರಳುಗಳು ಒಂದನ್ನೊಂದು ಹಿಡಿದುಕೊಳ್ಳುವುದಿಲ್ಲ, ಕಾಲೂ ಚಕ್ರವೂ ಹೂಳುತ್ತವೆ. ಅಲೆ ತೊಯ್ದುಹೋದ ಪಟ್ಟಿಯಲ್ಲಿ ಹರಳುಗಳ ನಡುವಿನ ತೆಳುನೀರು ಅವನ್ನು ಬಿಗಿದಿಟ್ಟಿರುತ್ತದೆ, ಅಲ್ಲಿ ನಡೆಯುವುದು ಗಟ್ಟಿ ನೆಲದಲ್ಲಿ ನಡೆದಂತೆ. ಹಾಗಾಗಿ ನೀರು ಇಳಿದ ಹೊತ್ತಿಗೆ ಹೋದರೆ ಅನುಕೂಲ. ಭರತ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಆ ವಾರದ ಪಟ್ಟಿಯನ್ನು ಮೊಬೈಲಿನಲ್ಲಿ ನೋಡಿಕೊಂಡು ಸಂಜೆ ಇಳಿತವಿರುವ ದಿನವನ್ನೇ ಆರಿಸಬಹುದು. ಒಣ ಹೊಯಿಗೆ ದಾಟಲು ವೀಲ್‌ಚೇರನ್ನು ಹಿಂದಕ್ಕೆ ಎಳೆಯಿರಿ, ಮುಂದಿನ ಸಣ್ಣ ಚಕ್ರಗಳು ಹೂಳುವುದಿಲ್ಲ. ಪ್ಲಾಸ್ಟಿಕ್ ಕುರ್ಚಿ ತರುವುದಾದರೆ ನಾಲ್ಕು ಕಾಲುಗಳ ಕೆಳಗೆ ಹಲಗೆಯ ತುಂಡು ಹಾಕಿ.

ಪಾದ ತೋಯಿಸುವ ಆಸೆ ಎಲ್ಲರಿಗೂ ಇರುತ್ತದೆ, ಇರಲಿ. ಆದರೆ ಅಲೆ ಹಿಂದೆ ಸರಿಯುವಾಗ ಹಿಮ್ಮಡಿಯ ಅಡಿಯ ಹೊಯಿಗೆಯನ್ನು ಎಳೆದುಕೊಂಡು ಹೋಗುತ್ತದೆ, ನಿಂತವರು ಹಿಂದಕ್ಕೆ ವಾಲುತ್ತಾರೆ. ಎರಡೂ ಬದಿಯಲ್ಲಿ ಒಬ್ಬೊಬ್ಬರು ತೋಳು ಹಿಡಿದು ನಿಲ್ಲಲಿ, ನೀರು ಗಂಟಿನ ಮೇಲೆ ಬರಬಾರದು. ಕೇರಳದ ಕರಾವಳಿಯಲ್ಲಿ ಕಳ್ಳಕಡಲು ಎಂಬುದೊಂದು ಇದೆ. ದೂರದ ದಕ್ಷಿಣ ಸಾಗರದಲ್ಲಿ ಎದ್ದ ಅಲೆಗಳು ಇಲ್ಲಿ ಗಾಳಿಮಳೆ ಏನೂ ಇಲ್ಲದ ದಿನ ಏಕಾಏಕಿ ದಡಕ್ಕೆ ನುಗ್ಗುತ್ತವೆ. ಬೇಸಿಗೆಯ ಕೊನೆಯಲ್ಲಿ ಹೆಚ್ಚು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಇದರ ಮುನ್ನೆಚ್ಚರಿಕೆ ಹೊರಡಿಸುತ್ತದೆ, ಅಂಥ ದಿನ ಮೇಲಿನ ಕಟ್ಟೆಯಲ್ಲೇ ಕುಳಿತು ನೋಡಿ.

ಸೂರ್ಯ ಮುಳುಗುವುದು ಡಿಸೆಂಬರ್ ಆರಂಭದಲ್ಲಿ 6 ಗಂಟೆ ದಾಟುತ್ತಲೇ, ಫೆಬ್ರವರಿ ಕೊನೆಗೆ 6.40ರ ಹೊತ್ತಿಗೆ. ಮುಳುಗಿದ ಹತ್ತು ನಿಮಿಷಕ್ಕೆ ಎಲ್ಲರೂ ಒಟ್ಟಿಗೆ ಏಳುತ್ತಾರೆ, ಪಾರ್ಕಿಂಗಿನಲ್ಲಿ ನೂಕುನುಗ್ಗಲು. ಕಣ್ಣಿನ ಪೊರೆ ಇರುವವರಿಗೆ ಮಬ್ಬುಗತ್ತಲಲ್ಲಿ ಹೊಯಿಗೆಯ ತಗ್ಗು ಕಾಣುವುದಿಲ್ಲ. ಒಬ್ಬರು ಮೊದಲೇ ಹೋಗಿ ಕಾರನ್ನು ಹತ್ತಿರ ತರಲಿ, ಕೈಯಲ್ಲೊಂದು ಟಾರ್ಚ್ ಇರಲಿ.

ತುರ್ತಿಗೆ 108 ಆಂಬುಲೆನ್ಸ್ ಇದೆ. ಕಾಸರಗೋಡಿನಲ್ಲಿ ಜನರಲ್ ಆಸ್ಪತ್ರೆ, ಕಾಞಂಗಾಡಿನಲ್ಲಿ ಜಿಲ್ಲಾ ಆಸ್ಪತ್ರೆ. ಬೇಕಲ ಇವೆರಡರ ನಡುವೆ ಇದ್ದರೂ ಕಾಞಂಗಾಡು ಹತ್ತಿರ. ದೊಡ್ಡ ಚಿಕಿತ್ಸೆಗೆ ಈ ಜಿಲ್ಲೆಯ ಜನ ಮಂಗಳೂರಿಗೇ ಹೋಗುವುದು, ಆದರೆ ಎದೆನೋವು ಬಂದವರನ್ನು ಅಷ್ಟು ದೂರಕ್ಕೆ ಸ್ವಂತ ಕಾರಿನಲ್ಲಿ ಓಡಿಸಬೇಡಿ, ಮೊದಲು ಹತ್ತಿರದ ಆಸ್ಪತ್ರೆ. ಇನ್ಸುಲಿನ್ನನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡದೆ ಜೊತೆಗೇ ಒಯ್ಯಿರಿ. ರಾತ್ರಿಯ ಮಾತ್ರೆಯೂ ಚೀಲದಲ್ಲಿರಲಿ, ಹೆದ್ದಾರಿಯಲ್ಲಿ ಗಾಡಿ ಸಿಕ್ಕಿಕೊಂಡರೆ ಊಟದ ಹೊತ್ತಿಗೆ ಮನೆ ಮುಟ್ಟುವ ಭರವಸೆ ಇಲ್ಲ. ಮರುದಿನ ಯಾವ ಮದುವೆಯನ್ನೂ ಮುಂಜಿಯನ್ನೂ ಇಟ್ಟುಕೊಳ್ಳಬೇಡಿ. ಇಂಥ ದಿನದ ದಣಿವು ಹಿರಿಯರಿಗೆ ಗೊತ್ತಾಗುವುದು ಮಾರನೆಯ ದಿನ ಮಧ್ಯಾಹ್ನ.