ತಾಲ್ಲೂಕು ಊರಿನ ಎಂಜಿನಿಯರ್ ಮನೆ

ಕೊಬ್ಬರಿಗೆ ಒಳ್ಳೆಯ ಬೆಲೆ ಬಂದ ವರ್ಷ ತಿಪಟೂರಿನ ಸುತ್ತಮುತ್ತ ಪಾಯ ತೆಗೆಯುವ ಸದ್ದು ಹೆಚ್ಚಾಗುತ್ತದೆ. ಹಳ್ಳಿಯಿಂದ ಬಂದ ರೈತ ಮಾರುಕಟ್ಟೆಯಲ್ಲಿ ಲೆಕ್ಕ ಮುಗಿಸಿಕೊಂಡು, ಜೋಯಿಸರನ್ನು ಕಂಡು, ಪರಿಚಯದ ಮೇಸ್ತ್ರಿಯನ್ನು ಜೊತೆಗೆ ಕರೆದುಕೊಂಡು, ಕೊನೆಗೆ ಎಂಜಿನಿಯರ್ ಮನೆಗೆ ಬರುತ್ತಾನೆ. ಬರುವ ಹೊತ್ತಿಗೆ ಮನೆಯ ಮುಖ ಯಾವ ದಿಕ್ಕಿಗೆ, ಅಡುಗೆಮನೆ ಯಾವ ಮೂಲೆಗೆ, ಎಷ್ಟು ಚದರ, ಚದರಕ್ಕೆ ಎಷ್ಟು ಎನ್ನುವುದೆಲ್ಲ ಅರ್ಧ ತೀರ್ಮಾನವಾಗಿರುತ್ತದೆ. "ಸಾರ್, ಒಂದು ಪ್ಲಾನ್ ಬರೆದುಕೊಡಿ" ಎನ್ನುವುದಷ್ಟೇ ಬಾಕಿ.

ಅರಸೀಕೆರೆ, ಕಡೂರು, ಹಿರಿಯೂರು, ರಾಣೆಬೆನ್ನೂರು ಎಂದು ಯಾವ ಊರಿಗೆ ಹೋದರೂ ಹೀಗೆ ಮನೆಯ ಮುಂದಿನ ಕೋಣೆಯನ್ನೇ ಆಫೀಸು ಮಾಡಿಕೊಂಡ ಸಿವಿಲ್ ಎಂಜಿನಿಯರ್ ಒಬ್ಬರು ಸಿಗುತ್ತಾರೆ. ಗೋಡೆಯ ಮೇಲೆ ಪೇಟ ಧರಿಸಿದ ವಿಶ್ವೇಶ್ವರಯ್ಯನವರ ಫೋಟೋ, ಮೂಲೆಯಲ್ಲಿ ಸುರುಳಿ ಸುತ್ತಿದ ನಕ್ಷೆಗಳು, ಮೇಜಿನ ಕೆಳಗೆ ಕಬ್ಬಿಣದ ತುಂಡು, ಟೈಲ್ಸ್ ಮಾದರಿ. ಊರಿನಲ್ಲಿ ಡಾಕ್ಟರಿಗೆ, ವಕೀಲರಿಗೆ, ಮೇಷ್ಟ್ರಿಗೆ ಇರುವ ಹೆಸರು ಇವರಿಗಿಲ್ಲ. ಇವರು ಕಟ್ಟಿಸಿದ ಮನೆಗಳಲ್ಲಿ ಮಾತ್ರ ಅರ್ಧ ಊರು ಮಲಗಿ ಏಳುತ್ತದೆ. ಅಂಥ ಒಂದು ಮನೆಯ ಮಗಳು ನಾನು. ಈ ಕಸುಬನ್ನು ಆಫೀಸಿನ ಕಡೆಯಿಂದಲೂ ಅಡುಗೆಮನೆಯ ಕಡೆಯಿಂದಲೂ ನೋಡಿ ಬೆಳೆದಿದ್ದೇನೆ.

ಈ ಎಂಜಿನಿಯರುಗಳು ಊರಿಗೆ ಬಂದದ್ದು ತೀರಾ ಹಳೆಯ ಕಾಲದಲ್ಲೇನಲ್ಲ. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜನ್ನು ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಲ್ಲಿ ಶುರುಮಾಡಿದರು. ಅಲ್ಲಿ ಓದಿದವರು ಕೆರೆ, ಕಾಲುವೆ, ಸೇತುವೆ, ರಸ್ತೆ ಎಂದು ಸರ್ಕಾರದ ಕೆಲಸಕ್ಕೆ ಹೋದರು. ತಾಲ್ಲೂಕು ಊರಿನ ಜನ ಮನೆ ಕಟ್ಟುವುದಕ್ಕೆ ಮೇಸ್ತ್ರಿ, ಕಲ್ಲುಕುಟಿಗ, ಬಡಗಿ ಇಷ್ಟೇ ಸಾಕಾಗುತ್ತಿತ್ತು. ಮಣ್ಣಿನ ಗೋಡೆ, ಕಲ್ಲುಕಂಬ, ಮೇಲೆ ಕಲ್ಲುಚಪ್ಪಡಿ ಅಥವಾ ಮಂಗಳೂರು ಹೆಂಚು. ಆ ಕಟ್ಟೋಣದ ಲೆಕ್ಕ ಮೇಸ್ತ್ರಿಯ ಕೈಯಲ್ಲೇ ಇತ್ತು. ತಲೆಮಾರುಗಳ ಅನುಭವದಿಂದ ಬಂದ ಲೆಕ್ಕ ಅದು, ಸರಿಯಾಗಿಯೂ ಇತ್ತು. ಸಿಮೆಂಟು, ಕಬ್ಬಿಣ ಬಂದು ಆರ್‌ಸಿಸಿ ಸೂರು ಸಾಮಾನ್ಯರ ಮನೆಯ ಮೇಲೂ ಕೂತಾಗ ಹಳೆಯ ಲೆಕ್ಕ ಸಾಲದಾಯಿತು. 1960ರಲ್ಲಿ ಹಾಸನದಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜು, 1963ರಲ್ಲಿ ತುಮಕೂರಿನಲ್ಲಿ ಸಿದ್ಧಗಂಗಾ ಕಾಲೇಜು, ಜೊತೆಗೆ ಪಾಲಿಟೆಕ್ನಿಕ್‌ಗಳು ತೆರೆದ ಮೇಲೆ ಊರಿನ ಹುಡುಗರೇ ಓದಿಕೊಂಡು ಊರಿಗೇ ಮರಳಿ ಬೋರ್ಡು ಹಾಕಿದರು. ನಮ್ಮಪ್ಪ ಹಾಸನದಲ್ಲಿ ಓದಿ ಬಂದವರು.

ಆಗೆಲ್ಲ ಡ್ರಾಯಿಂಗ್ ಬೋರ್ಡಿನ ಮೇಲೆ ಟ್ರೇಸಿಂಗ್ ಪೇಪರ್ ಅಂಟಿಸಿ ಶಾಯಿಯ ಪೆನ್ನಿನಲ್ಲಿ ನಕ್ಷೆ ಬರೆಯುತ್ತಿದ್ದರು. ತಪ್ಪಿದರೆ ಬ್ಲೇಡಿನಿಂದ ಕೆರೆದು ತಿದ್ದಬೇಕು. ಅದರ ಅಮೋನಿಯಾ ಪ್ರಿಂಟು ತೆಗೆಸಿ ತಂದ ದಿನ ಕಣ್ಣುರಿಯುವಂಥ ಆ ವಾಸನೆ ಹಾಸಿಗೆಯವರೆಗೂ ಬರುತ್ತಿತ್ತು. ಈಗ ಕಂಪ್ಯೂಟರಿನಲ್ಲಿ ಒಂದು ಗಂಟೆಗೆ ಮೂರು ನಕ್ಷೆ ಆಗುತ್ತದೆ. ಹಾಗಾಗಿಯೇ ಇರಬೇಕು, ನಕ್ಷೆ ಎಂದರೆ ಎಂಜಿನಿಯರ್, ಎಂಜಿನಿಯರ್ ಎಂದರೆ ಲೈಸೆನ್ಸಿಗೆ ಬೇಕಾದ ಸಹಿ ಎನ್ನುವ ತಿಳಿವಳಿಕೆ ಬಲವಾಗಿದೆ. ಇ-ಸ್ವತ್ತು, ಖಾತೆ, ಬ್ಯಾಂಕ್ ಸಾಲಕ್ಕೆ ಎಸ್ಟಿಮೇಟು — ಈ ಕಾಗದದ ಕೆಲಸವೂ ಇವರದೇ. ಅದನ್ನು ಹೆಚ್ಚು ಬೆಳೆಸುವುದು ಬೇಡ. ಕಸುಬಿನ ತಿರುಳು ಸೈಟಿನಲ್ಲಿದೆ.

ಮೊದಲ ದಿನ ಮಾರ್ಕಿಂಗ್. ಮೂವತ್ತು-ನಲವತ್ತರ ಸೈಟಿನ ಗುಣವೇ ಒಂದು ಚೆಲುವು: ಎರಡು ಬದಿ 30 ಅಡಿ, 40 ಅಡಿ ಇದ್ದು ಮೂಲೆ ನೇರವಾಗಿದ್ದರೆ ಕರ್ಣ ಸರಿಯಾಗಿ 50 ಅಡಿ ಬರುತ್ತದೆ. ಗೂಟ ಹೊಡೆದು, ದಾರ ಕಟ್ಟಿ, ಟೇಪಿನ ಎರಡು ತುದಿ ಇಬ್ಬರು ಹಿಡಿದು ಎರಡೂ ಕರ್ಣ ಅಳೆಯುತ್ತಾರೆ. ಎರಡೂ 50 ಬಂದರೆ ಮೇಸ್ತ್ರಿ ಸುಣ್ಣ ಹಾಕುತ್ತಾನೆ. ಕಟ್ಟಡದ ಗೆರೆ ಹಾಕುವಾಗಲೂ ಮೂಲೆಗೆ ಮೂರು, ನಾಲ್ಕು, ಐದು ಅಡಿಯ ಅದೇ ಲೆಕ್ಕ. ಆಯದ ಲೆಕ್ಕವೂ ಇಲ್ಲೇ ಬರುತ್ತದೆ. ಮನೆಯ ಅಳತೆಯಿಂದ ಬಂದ ಸಂಖ್ಯೆಯನ್ನು ಎಂಟರಿಂದ ಭಾಗಿಸಿ ಶೇಷ ಒಂದು ಉಳಿದರೆ ಧ್ವಜಾಯ, ಮೂರಕ್ಕೆ ಸಿಂಹಾಯ, ಐದಕ್ಕೆ ವೃಷಭಾಯ, ಏಳಕ್ಕೆ ಗಜಾಯ. ಬೆಸ ಬಂದರೆ ಒಳ್ಳೆಯದು, ಸರಿಸಂಖ್ಯೆ ಬಂದರೆ ಮನೆಯವರು ಒಪ್ಪುವುದಿಲ್ಲ. ಅಪ್ಪ ಇದರ ಬಗ್ಗೆ ಯಾರೊಂದಿಗೂ ವಾದಕ್ಕೆ ಇಳಿದವರಲ್ಲ. ಮೂರು ಇಂಚು ಆಚೀಚೆ ಮಾಡಿ ಆಯ ಕೂಡಿಸಿಕೊಡುತ್ತಿದ್ದರು. ಕಂಬದ ಜಾಗ ಬದಲಿಸಲು ಮಾತ್ರ ಯಾರು ಹೇಳಿದರೂ ಒಪ್ಪುತ್ತಿರಲಿಲ್ಲ.

ನಮ್ಮ ಸೀಮೆಯ ಎಂಜಿನಿಯರಿಗೆ ಪುಸ್ತಕದಲ್ಲಿಲ್ಲದ ಇನ್ನೊಂದು ಲೆಕ್ಕವಿದೆ. ಉಂಡೆಕೊಬ್ಬರಿ ಮಾಡುವವರು ತೆಂಗಿನಕಾಯಿಯನ್ನು ಅಟ್ಟದ ಮೇಲೆ ಒಂದು ವರ್ಷದ ಹತ್ತಿರ ಇಟ್ಟು ಒಣಗಿಸುತ್ತಾರೆ. ವಾಸದ ಕೋಣೆಯ ಸೂರಿಗೆ ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರ ಎಂದು ಹಿಡಿದು ವಿನ್ಯಾಸ ಮಾಡುವುದು ರೂಢಿ. ಎದೆಮಟ್ಟ ಕಾಯಿ ಸುರಿಯುವ ಅಟ್ಟಕ್ಕೆ ಆ ಲೆಕ್ಕ ಸಾಲುವುದಿಲ್ಲ. "ಮೇಲೆ ಕಾಯಿ ಹಾಕ್ತೀರೇನ್ರೀ ಗೌಡ್ರೆ?" ಎಂದು ಮೊದಲೇ ಕೇಳಿಕೊಳ್ಳದಿದ್ದರೆ ಮುಂದೆ ಸೂರು ಜೋತು ಬೀಳುತ್ತದೆ. ಊರಿನವರೇ ಎಂಜಿನಿಯರ್ ಆಗಿರುವುದರ ಬೆಲೆ ಗೊತ್ತಾಗುವುದು ಇಂಥ ಪ್ರಶ್ನೆಯಲ್ಲಿ.

ಇನ್ನು ಮೋಲ್ಡ್ ದಿನ. ಸೂರಿಗೆ ಕಾಂಕ್ರೀಟು ಸುರಿಯುವ ದಿನಕ್ಕೆ ನಮ್ಮ ಕಡೆ ಹಾಗೆ ಹೇಳುತ್ತಾರೆ. ಬೆಳಗ್ಗೆ ಮಿಕ್ಸರಿಗೆ ಪೂಜೆ, ನಿಂಬೆಹಣ್ಣು, ಬೂದುಗುಂಬಳ. ಮಧ್ಯಾಹ್ನ ಕೆಲಸದವರಿಗೆಲ್ಲ ಮನೆಯವರ ಊಟ. ಹಬ್ಬದಂತೆ ಕಾಣುವ ಈ ದಿನವೇ ಎಂಜಿನಿಯರಿಗೆ ಅತ್ಯಂತ ಆತಂಕದ ದಿನ. ಒಮ್ಮೆ ಸುರಿದ ಮೇಲೆ ಒಳಗಿನ ಕಂಬಿ ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಹಿಂದಿನ ಸಂಜೆಯೇ ಸೆಂಟ್ರಿಂಗ್ ಹಲಗೆಯ ಮೇಲೆ ಹತ್ತಿ ನೋಡಬೇಕು. ಕಂಬಿಯ ನಡುವಿನ ಅಂತರ ಸರಿಯಿದೆಯೇ, ಕೆಳಗೆ ಕವರಿಂಗ್ ಬ್ಲಾಕ್ ಇಟ್ಟಿದ್ದಾರೆಯೇ, ಹಲಗೆಗೂ ಕಂಬಿಗೂ ನಡುವೆ 20 ಮಿಲಿಮೀಟರ್ ಸಂದು ಇದೆಯೇ. ಆ ಸಂದು ಇಲ್ಲದಿದ್ದರೆ ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಕಂಬಿ ತುಕ್ಕು ಹಿಡಿದು ಉಬ್ಬಿ, ಕೆಳಗಿನ ಗಾರೆ ಪದರ ಪದರವಾಗಿ ಉದುರುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಣ್ಣಿಡಬೇಕಾದದ್ದು ಸಜ್ಜಾ ಮತ್ತು ಬಾಲ್ಕನಿಯ ಮೇಲೆ. ಎರಡು ಗೋಡೆಗಳ ಮೇಲೆ ಕೂತ ಸೂರು ಭಾರಕ್ಕೆ ನಡುವೆ ಕೆಳಕ್ಕೆ ಬಾಗುತ್ತದೆ; ಕೆಳಮುಖ ಹಿಗ್ಗುತ್ತದೆ. ಕಾಂಕ್ರೀಟಿಗೆ ಒತ್ತಡ ತಾಳುವ ಶಕ್ತಿ ಇದೆ, ಎಳೆತ ತಾಳುವ ಶಕ್ತಿ ಇಲ್ಲ. ಆದ್ದರಿಂದ ಅಲ್ಲಿ ಮುಖ್ಯ ಕಂಬಿ ಕೆಳಗಿರಬೇಕು. ಒಂದು ಕಡೆ ಮಾತ್ರ ಹಿಡಿತವಿದ್ದು ಹೊರಗೆ ಚಾಚಿದ ಬಾಲ್ಕನಿಯಲ್ಲಿ ಇದು ತಿರುವುಮುರುವು. ಅಲ್ಲಿ ಎಳೆತ ಬೀಳುವುದು ಮೇಲುಮುಖಕ್ಕೆ, ಕಂಬಿ ಮೇಲೆಯೇ ಇರಬೇಕು. ಐದು ಇಂಚು ದಪ್ಪದ ಚಾಚಿನಲ್ಲಿ ಕೆಲಸದವರು ಬಾಂಡ್ಲಿ ಹೊತ್ತು ಓಡಾಡುವಾಗ ಅದೇ ಕಂಬಿಯ ಮೇಲೆ ಕಾಲಿಟ್ಟು ಎರಡು ಇಂಚು ಕೆಳಗೆ ಒತ್ತಿಬಿಟ್ಟರೆ, ಹಾಕಿದ ಕಬ್ಬಿಣವೆಲ್ಲ ಬಹುಪಾಲು ವ್ಯರ್ಥ. ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಊರೆಗೋಲು ತೆಗೆದ ದಿನವೋ, ವರ್ಷಗಳ ಮೇಲೆ ಯಾವುದೋ ಮದುವೆಯ ದಿನ ಹತ್ತು ಜನ ಒಟ್ಟಿಗೆ ನಿಂತಾಗಲೋ ಗೊತ್ತಾಗುತ್ತದೆ. ಕಂಬಿಯ ಕೆಳಗೆ ಕುದುರೆ ಎನ್ನುವ ಆಸರೆ ಕೊಟ್ಟು ಎತ್ತರ ಕಾಯುವುದು, ಓಡಾಡಲು ಹಲಗೆ ಹಾಸುವುದು, ಬಾಲ್ಕನಿಗೆ ಸುರಿಯುವಾಗ ಪಕ್ಕದಲ್ಲೇ ನಿಂತಿರುವುದು, ಇಷ್ಟೇ ಇದಕ್ಕೆ ಉಪಾಯ. ಸಹಿಗೆ ಕೊಟ್ಟ ದುಡ್ಡಿನಲ್ಲಿ ಈ ನಿಲ್ಲುವಿಕೆ ಸೇರಿಲ್ಲ. ಜೀವ ಉಳಿಸುವುದು ಮಾತ್ರ ಅದೇ.

ನೀರಿನ ಜಗಳ ಎಲ್ಲ ಸೈಟಿನಲ್ಲೂ ಇದ್ದದ್ದೇ. ಕಾಂಕ್ರೀಟಿನಲ್ಲಿ ಸಿಮೆಂಟಿಗೆ ಹೋಲಿಸಿದರೆ ನೀರು ಹೆಚ್ಚಾದಷ್ಟೂ ಗಟ್ಟಿತನ ಇಳಿಯುತ್ತದೆ ಎಂದು ಶಿಕಾಗೋದ ಡಫ್ ಏಬ್ರಮ್ಸ್ 1918ರಲ್ಲೇ ಪ್ರಯೋಗಗಳಿಂದ ತೋರಿಸಿದರು. 50 ಕೆ.ಜಿ. ಚೀಲಕ್ಕೆ 25 ಲೀಟರಿನ ಆಸುಪಾಸು ಸಾಕು. ಕೆಲಸದವರಿಗೆ ತೆಳ್ಳಗಿದ್ದರೆ ಎಳೆಯುವುದು ಸುಲಭ. "ಸಾರ್, ಇನ್ನೊಂದು ಬಿಂದಿಗೆ ಹಾಕಿದ್ರೆ ಚೆನ್ನಾಗಿ ಹರಿಯುತ್ತೆ" ಎಂದು ಮೇಸ್ತ್ರಿ ಅಂದರೆ, "ಹರಿಯೋದು ಬೇಡ ಕಣಪ್ಪ, ಗಟ್ಟಿಯಾಗಿ ಕೂರ್ಬೇಕು" ಎಂದು ಅಪ್ಪ ವೈಬ್ರೇಟರ್ ಹಾಕಿಸುತ್ತಿದ್ದರು. ಆ ಮೇಸ್ತ್ರಿಯೂ ಕೆಟ್ಟವನಲ್ಲ. ಸುಡುಬಿಸಿಲಲ್ಲಿ ಇಡೀ ದಿನ ದುಡಿಯುವ ಹೆಂಗಸರ ತೋಳಿನ ನೋವು ಅವನಿಗೆ ಗೊತ್ತು. ಮರುದಿನದಿಂದ ಸೂರಿನ ಮೇಲೆ ಬದು ಕಟ್ಟಿ ನೀರು ನಿಲ್ಲಿಸಬೇಕು. ಇವತ್ತು ಹೆಚ್ಚಾಗಿ ಬಳಕೆಯಲ್ಲಿರುವ ಪಿಪಿಸಿ ಸಿಮೆಂಟಿಗೆ ಕಡಿಮೆಯೆಂದರೂ 10 ದಿನ ಕ್ಯೂರಿಂಗ್ ಬೇಕು. ಮೂರು ದಿನಕ್ಕೆ ಪೈಪು ಸುತ್ತಿಟ್ಟ ಮನೆಗಳನ್ನು ಎಷ್ಟೋ ನೋಡಿದ್ದೇನೆ.

ಸೈಟಿಗೆ ಹೋದ ಅಪ್ಪ ಬರುವ ಹೊತ್ತು ಗೊತ್ತಿಲ್ಲದ ಮನೆಯಲ್ಲಿ ಅಮ್ಮನೇ ಆಫೀಸು. ಬಂದವರಿಗೆ ಕಾಫಿ, ಯಾರ ಮನೆಯ ಯಾವ ಹಂತ ಎಂಬ ನೆನಪು, ಶನಿವಾರ ಕೂಲಿಯ ಬಟವಾಡೆಗೆ ನೂರರ ನೋಟು ಜೋಡಿಸಿಡುವುದು, ದುಡ್ಡು ಸಾಲದ ವಾರ ತನ್ನ ಬಳೆ ಬ್ಯಾಂಕಿಗೆ ಕಳಿಸುವುದು ಎಲ್ಲ ಅವಳದೇ. ಮಾಲೀಕರು ಕೊಡದಿದ್ದರೂ ಕೂಲಿಯವರ ಶನಿವಾರ ತಪ್ಪಬಾರದು ಎನ್ನುವುದು ಅವಳ ಕಟ್ಟಳೆ. ಯಾವ ನಕ್ಷೆಯ ಮೇಲೂ ಅವಳ ಹೆಸರಿಲ್ಲ. ಊರಿನ ಪ್ರತಿ ಎಂಜಿನಿಯರ್ ಮನೆಯಲ್ಲೂ ಹೀಗೊಬ್ಬ ಹೆಂಗಸು ಈ ಕಸುಬನ್ನು ಹೊತ್ತಿದ್ದಾಳೆ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಮುಹೂರ್ತಗಳೇ ಮನೆಯ ಪಂಚಾಂಗ. ಆಷಾಢದಲ್ಲಿ ಹೊಸ ಕೆಲಸವಿಲ್ಲ, ಕೈಯಲ್ಲಿ ದುಡ್ಡಿಲ್ಲ, ಅಪ್ಪ ಮನೆಯಲ್ಲಿರುತ್ತಾರೆ. ವೈಶಾಖದಲ್ಲಿ ಒಂದೇ ದಿನ ಎರಡು ಮೂರು ಗೃಹಪ್ರವೇಶ. ಅಲ್ಲಿ ಎಂಜಿನಿಯರಿಗೆ, ಮೇಸ್ತ್ರಿಗೆ, ಬಡಗಿಗೆ ತಾಂಬೂಲದ ಜೊತೆ ಪಂಚೆ, ಶಲ್ಯ ಕೊಟ್ಟು ಗೌರವಿಸುವ ಪದ್ಧತಿ ಇನ್ನೂ ಉಳಿದಿರುವುದು ಸಂತೋಷದ ಸಂಗತಿ. ಕೊನೆಯ ಕಂತು ಮಾತ್ರ ಗೃಹಪ್ರವೇಶದ ಖರ್ಚಿನಲ್ಲಿ ಕರಗಿಹೋಗಿರುತ್ತದೆ. ತೇಗದ ಮುಂಬಾಗಿಲಿಗೆ ಕೊಟ್ಟಷ್ಟನ್ನು ಎಂಜಿನಿಯರಿಗೆ ಕೊಟ್ಟ ಮನೆಗಳು ಕಡಿಮೆ. ಒಂದೇ ಊರಿನಲ್ಲಿ ದಿನಾ ಮುಖ ನೋಡಬೇಕಾದವರು, ಒತ್ತಾಯ ಮಾಡಿ ಕೇಳುವುದಕ್ಕೂ ಆಗುವುದಿಲ್ಲ.

ಇಷ್ಟನ್ನು ಕಣ್ಣಾರೆ ಕಂಡೂ ನನ್ನ ತಂಗಿ ಸಿವಿಲ್ ಓದಿ ಅಪ್ಪನ ಜೊತೆಗೇ ನಿಂತಳು. ಮೊದಮೊದಲು ಅವಳು ಸೆಂಟ್ರಿಂಗ್ ಹತ್ತಿದರೆ ಮನೆಯವರು "ಸಾರ್ ಬರಲ್ವಾ?" ಎಂದು ಕೇಳುತ್ತಿದ್ದರು. ಈಗ ಬಾರ್ ಬೆಂಡಿಂಗಿಗೆ ಬಿಹಾರ, ಬಂಗಾಳದ ಹುಡುಗರು ಬಂದಿದ್ದಾರೆ. ಅವಳು ಹಿಂದಿಯಲ್ಲಿ ಮಾತಾಡಿಸಿ ಕಂಬಿ ಬಿಚ್ಚಿಸಿ ಮತ್ತೆ ಕಟ್ಟಿಸುತ್ತಾಳೆ. ಹನ್ನೆರಡು ಮಿಲಿಮೀಟರಿನ ಕಂಬಿ 12 ಮೀಟರ್ ಉದ್ದಕ್ಕೆ ಸುಮಾರು 10.6 ಕೆ.ಜಿ. ತೂಗಬೇಕು; ಲಾರಿ ಇಳಿಯುವಾಗಲೇ ಒಂದನ್ನು ತೂಕಕ್ಕೆ ಇಡಿಸುವ ಅಭ್ಯಾಸ ಅವಳು ತಂದದ್ದು.

ಮನೆ ಕಟ್ಟಲು ಹೊರಟಿರುವ ಓದುಗರಲ್ಲಿ ಒಂದು ಮನವಿ. ನಕ್ಷೆಯ ದುಡ್ಡು ಬೇರೆ, ಉಸ್ತುವಾರಿಯ ದುಡ್ಡು ಬೇರೆ ಎಂದು ಮೊದಲೇ ಮಾತಾಡಿಕೊಳ್ಳಿ. ಪಾಯಕ್ಕೆ, ಕಂಬಗಳಿಗೆ, ಸೂರಿಗೆ ಕಾಂಕ್ರೀಟು ಹಾಕುವ ಹಿಂದಿನ ದಿನ ನಿಮ್ಮೂರಿನ ಎಂಜಿನಿಯರನ್ನು ಕರೆಸಿ ಕಂಬಿ ತೋರಿಸಿ. ಅವರು "ನಾಳೆ ಹಾಕಬೇಡಿ" ಎಂದರೆ ಮುಹೂರ್ತ ತಪ್ಪಿದರೂ ನಿಲ್ಲಿಸಿ. ಕೊನೆಯ ಕಂತನ್ನು ಗೃಹಪ್ರವೇಶಕ್ಕೆ ಮೊದಲೇ ಕೊಟ್ಟುಬಿಡಿ.