ಒಂದೇ ಹಾಳೆಯಲ್ಲಿ ನಾಲ್ಕು ನಕ್ಷೆ

ಮಕ್ಕಳೇ, ಜುಲೈ ತಿಂಗಳಲ್ಲಿ ಮೈಸೂರಿನಲ್ಲಿ ಹೆಚ್ಚಾಗಿ ಬೀಳುವುದು ತುಂತುರು ಮಳೆ. ಆದರೂ ಮುಂಗಾರು ಚೆನ್ನಾಗಿದ್ದ ವರ್ಷ ಕನ್ನಂಬಾಡಿ ಕಟ್ಟೆ ಆಗಲೇ ತುಂಬುತ್ತಾ ಬರುತ್ತದೆ. ಹಾಗಾದರೆ ನೀರು ಎಲ್ಲಿಂದ ಬಂತು? ಕಾವೇರಿ ಹುಟ್ಟುವ ಕೊಡಗಿನ ಮಳೆಯಿಂದ. ಇದನ್ನು ಗ್ರಾಫ್ ಹಾಳೆಯ ಮೇಲೆ ತೋರಿಸಬಹುದೇ? ನೋಡೋಣ.

ಒಂದು ದೊಡ್ಡ ಹಾಳೆಯನ್ನು ಅಡ್ಡಲಾಗಿ ಮಡಿಸಿ. ಮೇಲಿನ ಅರ್ಧ ಮಳೆಗೆ, ಕೆಳಗಿನ ಅರ್ಧ ಜಲಾಶಯಗಳಿಗೆ. ಈಗ ಪ್ರತಿ ಅರ್ಧವನ್ನೂ ಮತ್ತೆ ಎರಡು ಮಾಡಿ. ಮೇಲೆ ಎಡಕ್ಕೆ ಮಡಿಕೇರಿ, ಬಲಕ್ಕೆ ಮೈಸೂರು. ಕೆಳಗೆ ಎಡಕ್ಕೆ ಕನ್ನಂಬಾಡಿ, ಬಲಕ್ಕೆ ಬೀಚನಹಳ್ಳಿಯ ಕಬಿನಿ. ಮನೆಯೊಳಗೆ ಕೋಣೆ ಇದ್ದಂತೆ ಇದು, ಭಾಗದೊಳಗೆ ಭಾಗ.

ನಾಲ್ಕರಲ್ಲೂ ಅಡ್ಡಗೆರೆಯ ಮೇಲೆ ಜನವರಿಯಿಂದ ಡಿಸೆಂಬರ್‌ವರೆಗೆ ತಿಂಗಳುಗಳನ್ನು ಸಮ ಅಂತರದಲ್ಲಿ ಬರೆಯಿರಿ. ತೊಡಕು ಇರುವುದು ನಿಂತ ಗೆರೆಯಲ್ಲಿ.

ಮಳೆಯ ಎರಡು ಕೋಣೆಗಳಿಗೆ ಒಂದೇ ಪ್ರಮಾಣ ಇರಲಿ, 1 ಸೆಂ.ಮೀ.ಗೆ 100 ಮಿ.ಮೀ. ಮಳೆ ಎಂದುಕೊಳ್ಳಿ. ಮಡಿಕೇರಿಯ ಜುಲೈ ಮಳೆ ಸಾವಿರ ಮಿ.ಮೀ. ಆಸುಪಾಸು. ಅದರ ಕಂಬ 10 ಸೆಂ.ಮೀ. ಎತ್ತರ ನಿಲ್ಲುತ್ತದೆ. ಮೈಸೂರಿನ ಜುಲೈ ಕಂಬ ಸಾಮಾನ್ಯವಾಗಿ ಒಂದು ಸೆಂ.ಮೀ. ಕೂಡ ಆಗದು! ಮೈಸೂರಿಗೆ ಬೇರೆ ಪ್ರಮಾಣ ಇಟ್ಟು ಕಂಬ ಬೆಳೆಸಿದರೆ ನಕ್ಷೆ ನೋಡಲು ಚೆಂದ, ಆದರೆ ನೋಡಿದವರು ಎರಡೂ ಊರಿಗೆ ಒಂದೇ ಮಳೆ ಎಂದು ತಿಳಿದಾರು.

ಜಲಾಶಯಗಳ ಮಾತು ತಿರುಗುಮುರುಗು. ಕನ್ನಂಬಾಡಿಯ ಗರಿಷ್ಠ ಮಟ್ಟ 124.80 ಅಡಿ, ಕಬಿನಿಯದು 2284 ಅಡಿ. ಕಬಿನಿ ಅಷ್ಟು ಆಳವೇ? ಅಲ್ಲ. ಅದನ್ನು ಸಮುದ್ರಮಟ್ಟದಿಂದ ಎಣಿಸುತ್ತಾರೆ, ಕನ್ನಂಬಾಡಿಯದನ್ನು ಹಾಗೆ ಎಣಿಸುವುದಿಲ್ಲ. ಎರಡಕ್ಕೂ ಒಂದೇ ಪ್ರಮಾಣ ಕೊಟ್ಟರೆ ಕನ್ನಂಬಾಡಿಯ ಗೆರೆ ತಳಕ್ಕೆ ಅಂಟುತ್ತದೆ, ಕಬಿನಿಯದು ನೆತ್ತಿಗೆ ಅಂಟುತ್ತದೆ. ಏರಿಳಿತವೇ ಕಾಣದು. ಆದ್ದರಿಂದ ಇಲ್ಲಿ ಒಂದೊಂದಕ್ಕೂ ಅದರದೇ ಪ್ರಮಾಣ.

ಗಣಕದಲ್ಲೂ ಹೀಗೆಯೇ ಮಾಡುತ್ತಾರೆ. ಅಮೆರಿಕದ ನರವಿಜ್ಞಾನಿ ಜಾನ್ ಹಂಟರ್ ಮೂರ್ಛೆರೋಗಿಗಳ ಮಿದುಳಿನ ವಿದ್ಯುತ್ ಸಂಕೇತಗಳನ್ನು ನೋಡಲೆಂದು ಪೈಥಾನ್ ಎಂಬ ಗಣಕಭಾಷೆಯಲ್ಲಿ ಒಂದು ತಂತ್ರಾಂಶ ಬರೆದರು. 2003ರಲ್ಲಿ ಹೊರಬಂದ ಅದರ ಹೆಸರು ಮ್ಯಾಟ್‌ಪ್ಲಾಟ್‌ಲಿಬ್. ಹಾಳೆಯನ್ನು ಕೋಣೆ ಮಾಡಿ, ಯಾವ ಕೋಣೆಗಳಿಗೆ ಒಂದೇ ಪ್ರಮಾಣ ಎಂದು ಹೇಳಿದರೆ ಸಾಕು, ಉಳಿದದ್ದನ್ನು ಅದೇ ಹೊಂದಿಸುತ್ತದೆ. 2021ರಲ್ಲಿ ಅದಕ್ಕೆ ‘ಸಬ್‌ಫಿಗರ್’ ಸೇರಿತು. ಇದರಿಂದ ‘ಮಳೆ’, ‘ಜಲಾಶಯ’ ಎಂದು ಒಂದೊಂದು ಭಾಗಕ್ಕೂ ಪ್ರತ್ಯೇಕ ತಲೆಬರಹ ಕೊಡುವುದು ಸುಲಭವಾಯಿತು.

ನಿಮ್ಮ ಹಾಳೆಗೆ ಮರಳೋಣ. ಮಡಿಕೇರಿಯ ಅತಿ ಎತ್ತರದ ಕಂಬದಿಂದ ನೇರ ಕೆಳಕ್ಕೆ ಅಡಿಪಟ್ಟಿ ಇಡಿ. ಕನ್ನಂಬಾಡಿಯ ಗೆರೆ ಅಲ್ಲಿ ಏರುತ್ತಿದೆಯೇ? ಬಲಗಡೆ ಮಾತ್ರ ಹೀಗೆ ಮಾಡಬೇಡಿ. ಕಬಿನಿಗೆ ಹೆಚ್ಚಿನ ನೀರು ಬರುವುದು ಕೇರಳದ ವಯನಾಡಿನಿಂದ, ಮೇಲಿರುವುದು ಮೈಸೂರಿನ ಮಳೆ! ಜಲಾಶಯಗಳ ಮಟ್ಟ ಮಳೆಗಾಲದಲ್ಲಿ ದಿನಪತ್ರಿಕೆಯಲ್ಲಿ ಸಿಗುತ್ತದೆ. ಜೂನ್ 1ರಿಂದ ವಾರಕ್ಕೊಂದು ಚುಕ್ಕಿ ಇಡುತ್ತಾ ಬನ್ನಿ.