ತಪ್ಪು ಇಂಗ್ಲಿಷಿನದು, ಸುಳಿವು ಕನ್ನಡದ್ದು

ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವ ನಮ್ಮ ಭಾಗದ ಹುಡುಗ ಹುಡುಗಿಯರನ್ನು ‘ಯಾವ ವಿಷಯ ಕಷ್ಟ?’ ಎಂದು ಕೇಳಿ ನೋಡಿ. ಗಣಿತ ಎನ್ನುವವರು ಕೆಲವರಾದರೆ, ಇಂಗ್ಲಿಷ್ ಎನ್ನುವವರೇ ಬಹುಮಂದಿ. ಅದರಲ್ಲೂ ‘ಈ ವಾಕ್ಯದಲ್ಲಿ ತಪ್ಪು ಎಲ್ಲಿದೆ, ಗುರುತಿಸಿ’ ಎಂಬ ಪ್ರಶ್ನೆ ಬಂತೆಂದರೆ ದೇವರ ಮೇಲೆ ಭಾರ ಹಾಕಿ ಯಾವುದೋ ಒಂದು ಉತ್ತರಕ್ಕೆ ಗುರುತು ಹಾಕುತ್ತಾರೆ. ಗಣಿತದಲ್ಲಿ, ಸಾಮಾನ್ಯ ಜ್ಞಾನದಲ್ಲಿ ಗಳಿಸಿದ ಅಂಕ ಇಲ್ಲಿ ಸೋರಿ ಹೋಗುತ್ತದೆ.

ಇದು ಸಣ್ಣ ನಷ್ಟವೇನಲ್ಲ. ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದ ಮೇಲೆ ರಾಜ್ಯ ಸರ್ಕಾರದ ಹುದ್ದೆಗಳಲ್ಲಿ ನಮ್ಮ ಭಾಗದವರಿಗೆ ಮೀಸಲು ದೊರೆಯಿತು. ಆದರೆ ಕೇಂದ್ರ ಸರ್ಕಾರದ ಕಚೇರಿ, ರಾಷ್ಟ್ರೀಕೃತ ಬ್ಯಾಂಕುಗಳಿಗೆ ಆ ವಿಧಿ ಅನ್ವಯಿಸುವುದಿಲ್ಲ. ಅಲ್ಲಿ ಮಾನ್ವಿ, ದೇವದುರ್ಗದ ಅಭ್ಯರ್ಥಿ ದೆಹಲಿಯ ಅಭ್ಯರ್ಥಿಯ ಎದುರೇ ನಿಲ್ಲಬೇಕು. ಸಿಬ್ಬಂದಿ ನೇಮಕಾತಿ ಆಯೋಗದ ಎಂಟಿಎಸ್ ಪರೀಕ್ಷೆಯನ್ನು 2023ರಿಂದ ಕನ್ನಡದಲ್ಲೂ ಬರೆಯಬಹುದಾಗಿದೆ ನಿಜ. ಆದರೆ ಅದರ ಇಂಗ್ಲಿಷ್ ಭಾಗ ಇಂಗ್ಲಿಷಿನಲ್ಲೇ ಇರುತ್ತದೆ. ಆ ಗೇಟು ದಾಟದೆ ಒಳಗೆ ಪ್ರವೇಶವಿಲ್ಲ.

ನಮ್ಮ ಮಕ್ಕಳು ದಪ್ಪ ವ್ಯಾಕರಣ ಪುಸ್ತಕ ತಂದು ನೂರಾರು ನಿಯಮಗಳನ್ನು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯ ಕೋಣೆಯಲ್ಲಿ ಯಾವ ನಿಯಮ ಎಲ್ಲಿಗೆ ಎಂಬುದೇ ಹೊಳೆಯುವುದಿಲ್ಲ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆ ಇದು. ಆ ಬೆಣ್ಣೆ ಯಾವುದೆಂದರೆ ನಮ್ಮ ಕನ್ನಡವೇ.

<b>ಕಿವಿಯಲ್ಲ, ಕ್ರಮ</b>

ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಮನೆಯಲ್ಲೂ ಆ ಭಾಷೆ ಕೇಳಿ ಬೆಳೆದ ಮಗು ತಪ್ಪನ್ನು ಕಿವಿಯಿಂದ ಹಿಡಿಯುತ್ತದೆ. ನಿಯಮ ಗೊತ್ತಿಲ್ಲದಿದ್ದರೂ ‘ಏಕೋ ಸರಿ ಕೇಳಿಸುತ್ತಿಲ್ಲ’ ಎನ್ನುತ್ತದೆ. ನಾವು ಕನ್ನಡದಲ್ಲಿ ‘ಅವಳು ಬಂದನು’ ಎಂಬುದನ್ನು ಹಿಡಿಯುವುದೂ ಹಾಗೆಯೇ. 2007–08ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದಿದ್ದರೂ ತರಗತಿಯ ಹೊರಗೆ ಅದು ಕಿವಿಗೆ ಬೀಳುವುದು ಅಪರೂಪ. ಆದ್ದರಿಂದ ನಮಗೆ ಬೇರೆ ಉಪಕರಣ ಬೇಕು.

ಪಿಯುಸಿ ವಿಜ್ಞಾನ ಓದಿದವರಿಗೆ ಲವಣ ವಿಶ್ಲೇಷಣೆ ನೆನಪಿರಬಹುದು. ಬಿಳಿ ಪುಡಿಯನ್ನು ನೋಡಿ ಇದು ಇಂಥದೇ ಎಂದು ಯಾರೂ ಊಹಿಸುವುದಿಲ್ಲ. ಮೊದಲನೇ ಗುಂಪಿನ ಪರೀಕ್ಷೆ, ಅದಾಗದಿದ್ದರೆ ಎರಡನೆಯದು, ಹೀಗೆ ಕ್ರಮವಾಗಿ ಹೋಗುತ್ತೇವೆ. ವಾಕ್ಯದ ತಪ್ಪನ್ನೂ ಹಾಗೆಯೇ ಹುಡುಕಬೇಕು. ಪ್ರಶ್ನೆ ತೆಗೆಯುವವರು ತಪ್ಪನ್ನು ಎಲ್ಲೆಲ್ಲೋ ಇಡುವುದಿಲ್ಲ. ಪದೇ ಪದೇ ಬರುವ ಜಾಗಗಳು ಕೆಲವೇ. ಅವುಗಳಲ್ಲಿ ಹೆಚ್ಚಿನವು ಕನ್ನಡದ ದಾರಿ ಮತ್ತು ಇಂಗ್ಲಿಷಿನ ದಾರಿ ಕವಲೊಡೆಯುವ ಜಾಗಗಳೇ. 1967ರಲ್ಲಿ ಪಿಟ್ ಕಾರ್ಡರ್ ಎಂಬ ಬ್ರಿಟಿಷ್ ಭಾಷಾವಿಜ್ಞಾನಿ, ಕಲಿಯುವವನ ತಪ್ಪು ದಡ್ಡತನವಲ್ಲ, ಅದರ ಹಿಂದೆ ಒಂದು ವ್ಯವಸ್ಥೆ ಇರುತ್ತದೆ ಎಂಬ ವಾದವನ್ನು ಮುಂದಿಟ್ಟ. ನಮ್ಮ ವಿಷಯದಲ್ಲಿ ಆ ವ್ಯವಸ್ಥೆಯ ದೊಡ್ಡ ಪಾಲು ನಮ್ಮ ಮನೆಮಾತಿನದು.

<b>ಮೊದಲನೇ ಪರೀಕ್ಷೆ: ಕರ್ತೃ ಯಾವುದು?</b>

ಈ ವಾಕ್ಯ ನೋಡಿ: ‘ದ ಪ್ರೈಸ್ ಆಫ್ ದ ಪ್ಯಾಡಿ ಬ್ಯಾಗ್ಸ್ ಹ್ಯಾವ್ ಫಾಲನ್.’ ‘ಬ್ಯಾಗ್ಸ್’ ಬಹುವಚನ, ಪಕ್ಕದಲ್ಲೇ ‘ಹ್ಯಾವ್’ ಇದೆ. ಸರಿಯೆನಿಸುತ್ತದೆ. ಈಗ ಇದನ್ನು ಕನ್ನಡಕ್ಕೆ ತಿರುಗಿಸಿ: ‘ಭತ್ತದ ಚೀಲಗಳ ಬೆಲೆ ಇಳಿದಿದೆ.’ ಇಳಿದಿರುವುದು ಚೀಲವಲ್ಲ, ಬೆಲೆ. ‘ಚೀಲಗಳ’ ಎಂಬ ಪದಕ್ಕೆ ಷಷ್ಠೀ ವಿಭಕ್ತಿಯ ‘ಅ’ ಹತ್ತಿದೆ, ಅದು ಕರ್ತೃವಾಗಲಾರದು. ಪ್ರತ್ಯಯ ಕಾಣದೆ ನಿಂತ ‘ಬೆಲೆ’ಯೇ ಕರ್ತೃ, ಅದು ಏಕವಚನ. ಆದ್ದರಿಂದ ‘ಹ್ಯಾಸ್ ಫಾಲನ್’ ಸರಿ.

ಇದರ ಗುಟ್ಟು ಇಷ್ಟೇ. ಇಂಗ್ಲಿಷಿನಲ್ಲಿ ಮುಖ್ಯ ನಾಮಪದ ಮುಂದೆ ಬಂದು, ಅದರ ವಿವರಣೆ ‘ಆಫ್’ ಹಿಡಿದು ಹಿಂದೆ ಬರುತ್ತದೆ. ಹಾಗಾಗಿ ಕರ್ತೃ ಮತ್ತು ಕ್ರಿಯಾಪದದ ನಡುವೆ ಬೇರೊಂದು ಪದ ಬಂದು ಕೂತು ಮೋಸ ಮಾಡುತ್ತದೆ. ಕನ್ನಡದಲ್ಲಿ ವಿವರಣೆ ಮೊದಲು, ಮುಖ್ಯ ಪದ ಕೊನೆಗೆ. ಕರ್ತೃ ಕ್ರಿಯಾಪದದ ಮಗ್ಗುಲಿಗೇ ಬಂದು ನಿಲ್ಲುತ್ತದೆ.

‘ವನ್ ಆಫ್ ಮೈ ಫ್ರೆಂಡ್ ಆರ್ ಎ ಡಾಕ್ಟರ್’ ಎಂಬಲ್ಲಿ ಎರಡು ತಪ್ಪುಗಳಿವೆ. ‘ನನ್ನ ಗೆಳೆಯರಲ್ಲಿ ಒಬ್ಬ ಡಾಕ್ಟರ್ ಆಗಿದ್ದಾನೆ’ ಎನ್ನಿ. ‘ಗೆಳೆಯರಲ್ಲಿ’ ಬಹುವಚನ, ‘ಒಬ್ಬ’ ಏಕವಚನ. ‘ವನ್ ಆಫ್ ಮೈ ಫ್ರೆಂಡ್ಸ್ ಈಸ್’ ಎಂದು ಕನ್ನಡವೇ ತಿದ್ದಿಕೊಟ್ಟಿತು.

ಒಂದು ಎಚ್ಚರಿಕೆ: ನಮ್ಮಲ್ಲಿ ಗೌರವಕ್ಕೆ ಬಹುವಚನ ಬಳಸುತ್ತೇವೆ. ‘ಶಿಕ್ಷಕರ ಜೊತೆ ಹೆಡ್‌ಮಾಸ್ಟರು ಬಂದಿದ್ದಾರೆ’ ಎನ್ನುತ್ತೇವೆ. ಇಂಗ್ಲಿಷಿಗೆ ಈ ಮರ್ಯಾದೆ ಗೊತ್ತಿಲ್ಲ. ಅಲ್ಲಿ ‘ದ ಹೆಡ್‌ಮಾಸ್ಟರ್, ಅಲಾಂಗ್ ವಿತ್ ದ ಟೀಚರ್ಸ್, ಹ್ಯಾಸ್ ಕಮ್’ ಎಂದೇ ಆಗಬೇಕು.

<b>ಎರಡನೇ ಪರೀಕ್ಷೆ: ‘ನನಗೆ’ ಎನ್ನುತ್ತೀರಾ, ‘ನಾನು’ ಎನ್ನುತ್ತೀರಾ?</b>

‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’, ‘ಐ ಆಮ್ ನೋಯಿಂಗ್ ದ ಆನ್ಸರ್’ – ಇವು ನಮ್ಮಲ್ಲಿ ಬಸ್‌ಸ್ಟ್ಯಾಂಡಿನಿಂದ ಕಚೇರಿಯವರೆಗೆ ಕೇಳಿಬರುವ ವಾಕ್ಯಗಳು. ಯಾವ ಕ್ರಿಯಾಪದಕ್ಕೆ ‘ಇಂಗ್’ ಹಚ್ಚಬಾರದು ಎಂಬ ಉದ್ದದ ಪಟ್ಟಿಯೇ ವ್ಯಾಕರಣ ಪುಸ್ತಕಗಳಲ್ಲಿದೆ. ಪಟ್ಟಿ ಬದಿಗಿಡಿ, ಕನ್ನಡದಲ್ಲಿ ಹೇಳಿ ನೋಡಿ: ನನಗೆ ಇಬ್ಬರು ಅಣ್ಣಂದಿರಿದ್ದಾರೆ. ನನಗೆ ಉತ್ತರ ಗೊತ್ತು. ನನಗೆ ನೀರು ಬೇಕು. ನನಗೆ ಮಾವು ಇಷ್ಟ. ಎಲ್ಲವೂ ‘ನನಗೆ’, ಅಂದರೆ ಚತುರ್ಥೀ ವಿಭಕ್ತಿ. ಇವು ಮಾಡುವ ಕೆಲಸಗಳಲ್ಲ, ಇರುವ ಸ್ಥಿತಿಗಳು. ಇಂಥ ಕಡೆ ಇಂಗ್ಲಿಷಿನ ಕ್ರಿಯಾಪದಕ್ಕೆ ಸಾಮಾನ್ಯವಾಗಿ ‘ಇಂಗ್’ ಹತ್ತುವುದಿಲ್ಲ: ‘ಐ ಹ್ಯಾವ್’, ‘ಐ ನೋ’, ‘ಐ ವಾಂಟ್’, ‘ಐ ಲೈಕ್’.

ಹಾಗಾದರೆ ‘ಐ ಆಮ್ ಹ್ಯಾವಿಂಗ್ ಲಂಚ್’ ತಪ್ಪೇ? ಅಲ್ಲ. ‘ನಾನು ಊಟ ಮಾಡುತ್ತಿದ್ದೇನೆ’ ಎಂದಾಗ ‘ನಾನು’ ಬಂತು, ಕೆಲಸ ನಡೆಯುತ್ತಿದೆ. ಆದ್ದರಿಂದ ಅಲ್ಲಿ ‘ಇಂಗ್’ ಸರಿ. ಮಾನ್ವಿಯಲ್ಲಿ ಉರ್ದು, ತೆಲುಗು ಮನೆಮಾತಿನವರೂ ಇದ್ದಾರಲ್ಲ. ಅವರಿಗೂ ಇದೇ ಒರೆಗಲ್ಲು. ‘ಮುಝೆ ಮಾಲೂಮ್ ಹೈ’, ‘ನಾಕು ತೆಲುಸು’ ಎರಡರಲ್ಲೂ ಇರುವುದು ‘ನನಗೆ’ಯೇ.

<b>ಮೂರನೇ ಪರೀಕ್ಷೆ: ‘ಎ’, ‘ಆನ್’, ‘ದ’</b>

ಇವಕ್ಕೆ ನೇರವಾಗಿ ಸಮನಾದದ್ದು ಕನ್ನಡದಲ್ಲಿಲ್ಲ, ಉರ್ದುವಿನಲ್ಲಿಲ್ಲ, ತೆಲುಗಿನಲ್ಲೂ ಇಲ್ಲ. ಆದ್ದರಿಂದ ಇಲ್ಲಿ ಎಲ್ಲರೂ ಎಡವುತ್ತಾರೆ. ಆದರೆ ‘ಎ’ ಮತ್ತು ‘ಆನ್’ ಬಿಡಿಸಲು ನಮ್ಮ ಲಿಪಿಯೇ ಸಾಕು. ಸ್ವರಾಕ್ಷರದ ಮುಂದೆ ‘ಆನ್’ ಎಂದು ಬಾಯಿಪಾಠ ಮಾಡಿದವರು ‘ಆನ್ ಯೂನಿವರ್ಸಿಟಿ’ ಎನ್ನುತ್ತಾರೆ. ಏಕೆಂದರೆ ಇಂಗ್ಲಿಷಿನಲ್ಲಿ ಆ ಪದ ‘ಯು’ ಎಂಬ ಸ್ವರಾಕ್ಷರದಿಂದ ಆರಂಭವಾಗುತ್ತದೆ. ನಿಯಮ ಇರುವುದು ಉಚ್ಚಾರಣೆಗೆ, ಅಕ್ಷರಕ್ಕಲ್ಲ. ಕನ್ನಡ ಲಿಪಿ ಬರೆಯುವುದು ಉಚ್ಚಾರಣೆಯನ್ನೇ ತಾನೆ? ಪದವನ್ನು ಕನ್ನಡದಲ್ಲಿ ಬರೆದುಕೊಳ್ಳಿ. ‘ಯೂನಿವರ್ಸಿಟಿ’ ವ್ಯಂಜನದಿಂದ ಆರಂಭವಾಯಿತು, ‘ಎ’ ಹಾಕಿ. ‘ಅವರ್’, ‘ಆನೆಸ್ಟ್’, ‘ಎಂ.ಎಲ್.ಎ.’ ಸ್ವರದಿಂದ ಆರಂಭವಾದವು, ‘ಆನ್’ ಹಾಕಿ. ‘ವನ್ ರುಪೀ ನೋಟ್’ ಎಂಬುದಕ್ಕೆ ‘ಎ’ ಬರಬೇಕು. ಅದನ್ನು ‘ಒನ್’ ಎಂದು ಬರೆದು ಮೋಸಹೋಗಬಾರದು. ‘ಎ’ಯನ್ನು ‘ಯೆ’ ಎಂದು ಉಚ್ಚರಿಸುವ ರೂಢಿ ಉಳ್ಳವರೂ ಸ್ವಲ್ಪ ಹುಷಾರಾಗಿರಬೇಕು.

‘ದ’ ಎಲ್ಲಿ ಎಂಬುದಕ್ಕೆ ಕನ್ನಡ ವಾಕ್ಯದಲ್ಲಿ ‘ಆ’ ಸೇರಿಸಿ ನೋಡಿ. ಅರ್ಥ ಕೆಡದೆ ‘ಆ ಪುಸ್ತಕ, ಆ ಹುಡುಗ’ ಎನ್ನಲು ಬಂದರೆ ‘ದ’ ಬಹುಪಾಲು ಸರಿ. ಉಳಿದದ್ದು ರೂಢಿ. ನದಿಗಳಿಗೆ ‘ದ’ ಬೇಕು, ಊರುಗಳಿಗೆ ಬೇಡ. ನಮ್ಮ ಜಿಲ್ಲೆಯ ಮಟ್ಟಿಗೆ ‘ದ ಕೃಷ್ಣಾ’, ‘ದ ತುಂಗಭದ್ರಾ’. ಆದರೆ ಬರೀ ‘ಮಾನ್ವಿ’, ಬರೀ ‘ರಾಯಚೂರು’ ಎಂದು ನೆನಪಿಟ್ಟುಕೊಳ್ಳಬಹುದು.

<b>ಕನ್ನಡ ಕೈಕೊಡುವ ಜಾಗಗಳು</b>

ಎಲ್ಲ ಕಡೆ ಕನ್ನಡವನ್ನು ನಂಬಿದರೂ ಕೆಡುತ್ತೇವೆ. ‘2015ರಿಂದ ಇಲ್ಲಿದ್ದೇನೆ’, ‘ಹತ್ತು ವರ್ಷದಿಂದ ಇಲ್ಲಿದ್ದೇನೆ’ – ಎರಡಕ್ಕೂ ನಮ್ಮಲ್ಲಿ ‘ಇಂದ’. ಉರ್ದುವಿನ ‘ಸೆ’, ತೆಲುಗಿನ ‘ನುಂಚಿ’ ಕೂಡ ಹೀಗೆಯೇ ಎರಡಕ್ಕೂ ನಡೆಯುತ್ತವೆ. ಇಂಗ್ಲಿಷ್ ಮಾತ್ರ ಇವನ್ನು ಬೇರ್ಪಡಿಸುತ್ತದೆ: ಕಾಲದ ಒಂದು ಬಿಂದುವಾದರೆ ‘ಸಿನ್ಸ್’, ಕಾಲದ ಉದ್ದವಾದರೆ ‘ಫಾರ್’. ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಬಹುದಾದ್ದು ‘ಸಿನ್ಸ್’. ಎಣಿಸಿ ಹೇಳಬೇಕಾದ್ದು ‘ಫಾರ್’. ಜೊತೆಗೆ ‘ಐ ಆಮ್ ಲಿವಿಂಗ್’ ಎನ್ನದೆ ‘ಐ ಹ್ಯಾವ್ ಬೀನ್ ಲಿವಿಂಗ್’ ಎನ್ನಬೇಕು.

ವಿಭಕ್ತಿ ಪ್ರತ್ಯಯಗಳನ್ನು ಹಾಗೆಯೇ ಎತ್ತಿ ಇಂಗ್ಲಿಷಿಗೆ ಹಾಕುವುದರಿಂದಲೂ ಅನೇಕ ತಪ್ಪುಗಳು ಹುಟ್ಟುತ್ತವೆ. ‘ಬಗ್ಗೆ ಚರ್ಚಿಸಿದರು’ ಎಂದು ‘ಡಿಸ್ಕಸ್ಡ್ ಅಬೌಟ್’ ಬರೆಯುತ್ತೇವೆ, ‘ಅಬೌಟ್’ ಬೇಡ. ‘ರಾಯಚೂರಿಗೆ ತಲುಪಿದ’ ಎಂದು ‘ರೀಚ್ಡ್ ಟು’ ಬರೆಯುತ್ತೇವೆ, ‘ಟು’ ಬೇಡ. ‘ಅವನ ಜೊತೆ ಮದುವೆ’ ಎಂದು ‘ಮ್ಯಾರೀಡ್ ವಿತ್’ ಬರೆಯುತ್ತೇವೆ. ಅಲ್ಲಿ ‘ಟು’ ಬೇಕು. ‘ಇದಕ್ಕಿಂತ ಉತ್ತಮ’ ಎಂದು ‘ಸುಪೀರಿಯರ್ ದ್ಯಾನ್’ ಬರೆಯುತ್ತೇವೆ; ಅಲ್ಲಿಯೂ ‘ಟು’ ಬೇಕು. ‘ಎಲ್ಲಿದೆ ಹೇಳಿ’ ಎಂಬುದನ್ನು ‘ಟೆಲ್ ಮಿ ವೇರ್ ಈಸ್ ದ ಬ್ಯಾಂಕ್’ ಎನ್ನುತ್ತೇವೆ. ಸರಿಯಾದದ್ದು ‘ವೇರ್ ದ ಬ್ಯಾಂಕ್ ಈಸ್’. ನಮ್ಮ ‘ಅಲ್ಲವೇ?’ ಎಲ್ಲದಕ್ಕೂ ಹೊಂದುತ್ತದೆ; ಇಂಗ್ಲಿಷಿನಲ್ಲಿ ಅದು ಹಿಂದಿನ ಕ್ರಿಯಾಪದವನ್ನು ನೋಡಿ ಬದಲಾಗುತ್ತದೆ. ಇವನ್ನು ಮಾತ್ರ ಬರೆದಿಟ್ಟು ಕಲಿಯಬೇಕು. ನೂರು ನಿಯಮಗಳಿಗಿಂತ ಈ ಪಟ್ಟಿ ಬಹಳ ಚಿಕ್ಕದು.

<b>ಊಹೆಯ ಬೆಲೆ ಎಷ್ಟು?</b>

ಸಿಬ್ಬಂದಿ ನೇಮಕಾತಿ ಆಯೋಗದ ಪದವಿ ಮಟ್ಟದ ಪರೀಕ್ಷೆಯ ಮೊದಲ ಹಂತದಲ್ಲಿ ಇಂಗ್ಲಿಷಿನ 25 ಪ್ರಶ್ನೆಗಳಿರುತ್ತವೆ. ಸರಿ ಉತ್ತರಕ್ಕೆ 2 ಅಂಕ, ತಪ್ಪಿಗೆ ಅರ್ಧ ಅಂಕ ಕಡಿತ. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಆರಿಸಿದರೆ ಸರಾಸರಿ ಲಾಭ ಒಂದು ಅಂಕದ ಎಂಟನೇ ಒಂದು ಭಾಗ, ಅಂದರೆ 0.125. ಮೇಲಿನ ಪರೀಕ್ಷೆಗಳಿಂದ ಎರಡು ಆಯ್ಕೆಗಳನ್ನು ತಳ್ಳಿಹಾಕಿ ಉಳಿದ ಎರಡರಲ್ಲಿ ಒಂದನ್ನು ಆರಿಸಿದರೆ ಸರಾಸರಿ ಲಾಭ 0.75. ಅಂದರೆ ಆರು ಪಟ್ಟು! ಐದು ಆಯ್ಕೆ, ಕಾಲು ಅಂಕ ಕಡಿತ ಇರುವ ಬ್ಯಾಂಕ್ ಪರೀಕ್ಷೆಗಳಲ್ಲಿ ಕುರುಡು ಊಹೆಯ ಲಾಭ ಸರಿಯಾಗಿ ಸೊನ್ನೆ. ಲೆಕ್ಕ ಮಾಡಿ ನೋಡಿ.

ಇನ್ನೊಂದು ಮಾತು. ‘ತಪ್ಪಿಲ್ಲ’ ಎಂಬ ಆಯ್ಕೆಯೂ ಇರುತ್ತದೆ. ಅದನ್ನು ಕಂಡು ಹೆದರುವವರೂ ಇದ್ದಾರೆ, ಏನೂ ಹೊಳೆಯದಾಗ ಅದನ್ನೇ ಆರಿಸುವವರೂ ಇದ್ದಾರೆ. ಎಲ್ಲ ಪರೀಕ್ಷೆಗಳನ್ನೂ ಕ್ರಮವಾಗಿ ಮಾಡಿ ಏನೂ ಸಿಗದಿದ್ದಾಗ ಮಾತ್ರ ಅದಕ್ಕೆ ಗುರುತು ಹಾಕಿ.

<b>ದಿನಕ್ಕೆ ಹತ್ತು ವಾಕ್ಯ</b>

ಎರಡು ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡು ಪ್ರತಿ ಪುಟದಲ್ಲಿ ಮೂರು ಕಾಲಂ ಗೆರೆ ಹಾಕಿ. ಮೊದಲನೆಯದರಲ್ಲಿ ತಪ್ಪು ವಾಕ್ಯ, ಎರಡನೆಯದರಲ್ಲಿ ಸರಿ ವಾಕ್ಯ, ಮೂರನೆಯದರಲ್ಲಿ ಅದರ ಕನ್ನಡ. ಹಳೆಯ ಪ್ರಶ್ನೆಪತ್ರಿಕೆಗಳಿಂದ ದಿನಕ್ಕೆ ಹತ್ತು ವಾಕ್ಯ ಬರೆಯಿರಿ. ಮೂರು ತಿಂಗಳಿಗೆ ಒಂಬೈನೂರು ವಾಕ್ಯಗಳಾಗುತ್ತವೆ. ನೀವು ಪದೇ ಪದೇ ಎಡವುವ ಜಾಗ ಮೂರೋ ನಾಲ್ಕೋ ಮಾತ್ರ ಎಂಬುದು ಅಷ್ಟರಲ್ಲಿ ನಿಮಗೇ ಕಾಣುತ್ತದೆ. ಹತ್ತನೇ ತರಗತಿಯ ಕನ್ನಡ ವ್ಯಾಕರಣವನ್ನೂ ಒಮ್ಮೆ ತೆರೆದು ವಿಭಕ್ತಿಗಳ ಪಾಠ ಓದಿ. ಫರ್ಡಿನೆಂಡ್ ಕಿಟೆಲ್ ಜರ್ಮನಿಯಿಂದ ಬಂದು ನಮ್ಮ ಭಾಷೆ ಕಲಿತು 1894ರಲ್ಲಿ ನಿಘಂಟನ್ನು, 1903ರಲ್ಲಿ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣವನ್ನು ಹೊರತಂದರು. ಅವರು ಅಲ್ಲಿಂದ ಇಲ್ಲಿಗೆ ಬರಬಹುದಾದರೆ ನಾವು ಇಲ್ಲಿಂದ ಅಲ್ಲಿಗೆ ಹೋಗಲಾರದಷ್ಟು ದೂರವೇನಿಲ್ಲ.

<b>ನೀವೇ ಪರೀಕ್ಷಿಸಿಕೊಳ್ಳಿ</b>

1. ದ ಕಲರ್ ಆಫ್ ದೀಸ್ ಶರ್ಟ್ಸ್ ಆರ್ ವೆರಿ ಬ್ರೈಟ್.
2. ಹೀ ವೇಟೆಡ್ ಫಾರ್ ಎ ಅವರ್.
3. ಷೀ ಈಸ್ ವಾಂಟಿಂಗ್ ಎ ನ್ಯೂ ಪೆನ್.
4. ವಿ ಹ್ಯಾವ್ ಬೀನ್ ವೇಟಿಂಗ್ ಸಿನ್ಸ್ ಟೂ ಅವರ್ಸ್.
5. ಈಚ್ ಆಫ್ ದ ಬಾಯ್ಸ್ ಹ್ಯಾಸ್ ಎ ಬುಕ್.

ಉತ್ತರ: 1. ‘ಆರ್’ ಅಲ್ಲ ‘ಈಸ್’ (ಅಂಗಿಗಳ ಬಣ್ಣ). 2. ‘ಎ’ ಅಲ್ಲ ‘ಆನ್’. 3. ‘ಈಸ್ ವಾಂಟಿಂಗ್’ ಅಲ್ಲ ‘ವಾಂಟ್ಸ್’ (ಅವಳಿಗೆ ಬೇಕು). 4. ‘ಸಿನ್ಸ್’ ಅಲ್ಲ ‘ಫಾರ್’. 5. ತಪ್ಪಿಲ್ಲ (ಹುಡುಗರಲ್ಲಿ ಪ್ರತಿಯೊಬ್ಬ).